ಏಳು ಸಾವಿರದಲ್ಲಿ ತಣ್ಣೀರುಬಾವಿಯಿಂದ ಮುರುಡೇಶ್ವರಕ್ಕೆ

ನಾನು ಮಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಕಡಲ ಬದಿಯಲ್ಲಿ ಉತ್ತರಕ್ಕೆ ನಡೆದುಕೊಂಡು ಹೋಗಬೇಕು ಅಂತ ಇಬ್ಬರಿಗೂ ಬಹಳ ವರ್ಷಗಳಿಂದ ಆಸೆ ಇತ್ತು. ತಿಂಗಳಿಗೆ ತಲಾ 350 ರೂಪಾಯಿ ತೆಗೆದಿಟ್ಟೆವು. ಹತ್ತು ತಿಂಗಳಿಗೆ 7,000 ಆಯಿತು. ಅಷ್ಟರಲ್ಲೇ ಮಂಗಳೂರಿನ ತಣ್ಣೀರುಬಾವಿಯಿಂದ ಮುರುಡೇಶ್ವರದ ತನಕ ಹೋದೆವು. ಸುಮಾರು 160 ಕಿಲೋಮೀಟರ್, ಹತ್ತು ದಿನದ ನಡಿಗೆ.

ಮೊದಲು ಯೋಚಿಸಿದ್ದು ಊಟವನ್ನಲ್ಲ, ರೂಮನ್ನೂ ಅಲ್ಲ, ರಜೆಯನ್ನು. ನಮ್ಮಂಥವರಿಗೆ ಒಂದು ದಿನ ರಜೆ ಅಂದರೆ ಒಂದು ದಿನದ ಸಂಬಳ ಹೋಯಿತು. ಅಕ್ಕನಿಗೆ ಮದುವೆ ಸೀಸನ್ನಿನಲ್ಲಿ ನಾಲ್ಕೈದು ರವಿಕೆ ಹೋಯಿತು. ಇದನ್ನು ಯಾರೂ ಖರ್ಚು ಅಂತ ಬರೆಯುವುದಿಲ್ಲ, ಆದರೆ ಅದೇ ದೊಡ್ಡ ಖರ್ಚು ಅಲ್ವಾ? ಹಾಗಾಗಿ ಹತ್ತು ದಿನ ಒಟ್ಟಿಗೆ ಹೋಗಲಿಲ್ಲ. ಮೊದಲ ಎರಡು ತುಂಡುಗಳನ್ನು ಡಿಸೆಂಬರಿನ ಎರಡು ಭಾನುವಾರ ಮುಗಿಸಿದೆವು. ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ ತಣ್ಣೀರುಬಾವಿಗೆ ಇಳಿದು, ಅಲ್ಲಿಂದ ಸುರತ್ಕಲ್. ಪಣಂಬೂರಿನಲ್ಲಿ ಬಂದರು ಇರುವುದರಿಂದ ಕಡಲ ಬದಿ ಬಿಟ್ಟು ಹೈವೇಗೆ ಬರಲೇಬೇಕು. ಮುಂದಿನ ಭಾನುವಾರ ಸುರತ್ಕಲ್‌ನಿಂದ ಹೆಜಮಾಡಿ. ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ಎರಡೂ ನದಿ ಸೇರಿ ಕಡಲಿಗೆ ಬೀಳುತ್ತವೆ. ನಾವು ಅಲ್ಲಿ ಒಳಗೆ ತಿರುಗಿ ಮುಲ್ಕಿ ಸೇತುವೆಯ ಮೇಲೆ ದಾಟಿದೆವು. ಎರಡೂ ದಿನ ಸಂಜೆಗೆ ಬಸ್ಸಿನಲ್ಲಿ ಮನೆಗೆ ಬಂದು ಮಲಗಿದೆವು.

ಈ ಬಸ್ಸಿನ ಉಪಾಯವೇ ನಮ್ಮನ್ನು ಉಳಿಸಿದ್ದು. ನಮ್ಮ ಕರಾವಳಿಯಲ್ಲಿ ಕಡಲಿಗೂ ಹೈವೇಗೂ ಹೆಚ್ಚು ದೂರ ಇಲ್ಲ. ಹೈವೇಗೆ ಬಂದರೆ ಬಸ್ಸು ಉಂಟು. ನಡೆದು ನಿಂತ ಜಾಗದಿಂದ ಬಸ್ಸು ಹಿಡಿದು ಒಂದೇ ಮನೆಗೆ ಬಂದು ಮಲಗುವುದು, ಬೆಳಗ್ಗೆ ಅದೇ ಜಾಗಕ್ಕೆ ಹೋಗಿ ಮುಂದುವರಿಯುವುದು. ಬೆನ್ನಿಗೆ ನೀರು, ಅವಲಕ್ಕಿ, ಟವೆಲ್ ಇರುವ ಸಣ್ಣ ಚೀಲ ಸಾಕು. ಟೆಂಟ್, ದೊಡ್ಡ ಬ್ಯಾಗ್ ಯಾವುದೂ ಬೇಡ. ಕ್ರಿಸ್ಮಸ್ ಕಳೆದು ಉಳಿದ ಎಂಟು ದಿನದ ನಡಿಗೆಗೆ ಹೊರಟಾಗ ಮಲ್ಪೆಯ ದೊಡ್ಡಮ್ಮನ ಮನೆಯಲ್ಲಿ ಮೂರು ರಾತ್ರಿ, ಕುಂದಾಪುರದಲ್ಲಿ ಅಕ್ಕನ ಗೆಳತಿಯ ಮನೆಯಲ್ಲಿ ಎರಡು ರಾತ್ರಿ ಇದ್ದೆವು. ಬೈಂದೂರು ಮತ್ತು ಭಟ್ಕಳದಲ್ಲಿ ಮಾತ್ರ ಲಾಡ್ಜ್.

ಲೆಕ್ಕ ಹೀಗೆ ಹಾಕಿದ್ದೆ. ಅಕ್ಕನ ಶೂ, ಕಾಲುಚೀಲ, ಓಆರ್‌ಎಸ್, ಕಾಲಿಗೆ ಸುತ್ತುವ ಟೇಪ್ ಎಲ್ಲ ಸೇರಿ 1,300. ಎರಡು ಲಾಡ್ಜಿಗೆ 1,500. ನೆಂಟರ ಮನೆಗೆ 500. ನೆಂಟರ ಮನೆ ಬಿಟ್ಟಿ ಅಂತ ತಿಳಿಯಬಾರದು. ಮೂರು ದಿನ ಉಂಡು ಮಲಗುವಲ್ಲಿಗೆ ಬರಿಗೈಲಿ ಹೋಗಲು ಮನಸ್ಸು ಬರುವುದಿಲ್ಲ. ದೊಡ್ಡಮ್ಮನಿಗೆ ಮಲ್ಲಿಗೆ ತೆಗೆದುಕೊಂಡು ಹೋಗಬೇಕು ಅಂತ ಇತ್ತು. ಚಳಿಗಾಲದಲ್ಲಿ ಹೂ ಕಡಿಮೆ, ರೇಟು ಜಾಸ್ತಿ. ಹಾಗಾಗಿ ಬಾಳೆಹಣ್ಣಿನ ಹಲ್ವಾ ಒಯ್ದೆವು. ಇನ್ನು 1,000 ರೂಪಾಯಿ ಕವರಿನಲ್ಲಿ ಹಾಕಿ ಅಂಟಿಸಿದೆ. ಅದು ಡಾಕ್ಟರಿಗೆ, ಬೇರೆ ಯಾವುದಕ್ಕೂ ಅಲ್ಲ. ಉಳಿದದ್ದು 2,700. ಇಬ್ಬರಿಗೂ ಸೇರಿ ದಿನಕ್ಕೆ 270. ಬಸ್ಸು, ದೋಣಿ, ಚಹಾ, ತಿಂಡಿ ಎಲ್ಲ ಅದರಲ್ಲೇ.

ಮೂರು ದಿನ ಸರಿಯಾಗಿಯೇ ನಡೆಯಿತು. ಹೆಜಮಾಡಿಯಿಂದ ಪಡುಬಿದ್ರಿ ದಾಟಿ ಕಾಪುವಿಗೆ ಬಂದೆವು. ನಾಲ್ಕನೇ ದಿನ ಲೆಕ್ಕ ಕೆಟ್ಟಿತು.

ಆ ಬೆಳಗ್ಗೆ ದೊಡ್ಡಮ್ಮ ನೀರುದೋಸೆ ಮಾಡುತ್ತಿದ್ದರು. "ತಿಂದುಕೊಂಡೇ ಹೋಗಿ ಮಾರಾಯ್ತಿ, ಕಡಲು ಎಲ್ಲಿಗೂ ಓಡಿ ಹೋಗುವುದಿಲ್ಲ" ಅಂದರು. ತಿಂದೆವು, ಮಾತಾಡಿದೆವು. ಕಾಪುವಿನ ದೀಪಸ್ತಂಭದ ಹತ್ತಿರ ಬಂದು ನಡೆಯಲು ಶುರು ಮಾಡುವಾಗ ಒಂಬತ್ತೂವರೆ. ಉಬ್ಬರದ ಹೊತ್ತು ಬೇರೆ. ಗಟ್ಟಿ ಮರಳೆಲ್ಲ ನೀರಿನಡಿ, ನಮಗೆ ಸಿಕ್ಕಿದ್ದು ಕಾಲು ಹೂತುಹೋಗುವ ಒಣ ಮರಳು. ಹನ್ನೆರಡು ಗಂಟೆಗೆ ಮಟ್ಟುವಿನ ಹತ್ತಿರ ಬರುವಾಗ ಅಕ್ಕನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ನನಗೆ ಬಿಸಿಲಿಗೆ ತಲೆ ಸುತ್ತುತ್ತಿತ್ತು. ನಾಲ್ಕು ಎಳನೀರು ಕುಡಿದೆವು, 200. ಮಲ್ಪೆಗೆ ಆಟೋ, 300. ಅಲ್ಲಿ ಫ್ಯಾನ್ ಇದ್ದ ಮೊದಲ ಹೋಟೆಲಿಗೆ ನುಗ್ಗಿ ಊಟ, ಜ್ಯೂಸು, 280. ಒಂದೇ ಮಧ್ಯಾಹ್ನ 780 ರೂಪಾಯಿ. ಹೆಚ್ಚುಕಡಿಮೆ ಮೂರು ದಿನದ ದುಡ್ಡು.

ರಾತ್ರಿ ಪುಸ್ತಕ ತೆಗೆದು ಬರೆಯುವಾಗ ಬಹಳ ಬೇಸರವಾಯಿತು. ಅಕ್ಕನೇ ಹೇಳಿದಳು, "ನೋಡು, ಹನ್ನೊಂದು ಗಂಟೆ ತನಕ ನಾವು ಒಂದು ರೂಪಾಯಿಯೂ ಖರ್ಚು ಮಾಡಿಲ್ಲ." ಹಿಂದಿನ ದಿನಗಳ ಪುಟ ತಿರುಗಿಸಿ ನೋಡಿದೆ. ನಿಜ. ಬಸ್ಸಿನ ದುಡ್ಡು ಬಿಟ್ಟರೆ ಉಳಿದ ಖರ್ಚೆಲ್ಲ ಬಿಸಿಲು ಏರಿದ ಮೇಲಿನದ್ದು. ದುಡ್ಡು ಖರ್ಚು ಮಾಡುತ್ತಿದ್ದುದು ಹಸಿವಲ್ಲ, ಸುಸ್ತು. ಸುಸ್ತಾದವರು ರೇಟು ಕೇಳುವುದಿಲ್ಲ. ಕಂಡದ್ದನ್ನು ಕುಡಿಯುತ್ತಾರೆ, ಸಿಕ್ಕಿದ ಆಟೋ ಹತ್ತುತ್ತಾರೆ. ನಾನು ರೂಪಾಯಿಗೆ ಮಾತ್ರ ಬಜೆಟ್ ಹಾಕಿದ್ದೆ, ಗಂಟೆಗೆ ಹಾಕಿರಲಿಲ್ಲ.

ಉಳಿದ ಆರು ದಿನಕ್ಕೆ ಕೈಯಲ್ಲಿದ್ದದ್ದು 1,110, ಅಂದರೆ ದಿನಕ್ಕೆ 185. ಊಟ ಕಡಿಮೆ ಮಾಡಲಿಲ್ಲ, ಹೊತ್ತು ಬದಲಾಯಿಸಿದೆವು. ನಾಲ್ಕಕ್ಕೆ ಎದ್ದು ಐದಕ್ಕೆಲ್ಲ ಹೊರಡುವುದು. ಬೆಳಕು ಹರಿಯುವ ತನಕ ಊರೊಳಗಿನ ರಸ್ತೆ, ಆಮೇಲೆ ಕಡಲು. ಹನ್ನೊಂದಕ್ಕೆ ನಡಿಗೆ ಬಂದ್. ಉಬ್ಬರ ಇಳಿತದ ಹೊತ್ತನ್ನು ಮಲ್ಪೆಯ ಮೀನುಗಾರರ ಹತ್ತಿರ ಕೇಳಿ ಬರೆದುಕೊಂಡೆವು. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಒಂದು ದಿನದ್ದು ಗೊತ್ತಿದ್ದರೆ ಮುಂದಿನ ನಾಲ್ಕು ದಿನ ನಾವೇ ಅಂದಾಜು ಮಾಡಬಹುದು. ಬೆಳಗ್ಗೆ ಇಳಿತ ಇದ್ದರೆ ಒದ್ದೆ ಮರಳಿನ ಮೇಲೆ, ಇಲ್ಲದಿದ್ದರೆ ಕಡಲ ಪಕ್ಕದ ಸಣ್ಣ ರಸ್ತೆಯಲ್ಲಿ. ಕಲ್ಲಿನ ತಡೆಗೋಡೆ ಹಾಕಿದ ಕಡೆಯಲ್ಲೂ ರಸ್ತೆಯೇ ಒಳ್ಳೆಯದು.

ದೊಡ್ಡಮ್ಮನೂ ನಮ್ಮ ಹೊತ್ತಿಗೆ ಹೊಂದಿಕೊಂಡರು. ರಾತ್ರಿಯೇ ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸಿ ಇಟ್ಟರು. ಎಲೆ ಸಮೇತ ಚೀಲಕ್ಕೆ ಹಾಕಿಕೊಂಡರೆ ಮಧ್ಯಾಹ್ನದವರೆಗೂ ಹಾಳಾಗುವುದಿಲ್ಲ. ಐದನೇ ದಿನ ಮಲ್ಪೆಯಿಂದ ಹೂಡೆ ಊರಿನ ಮೇಲೆ ಹಾದು ಕೋಡಿ ಬೆಂಗ್ರೆಗೆ ಬಂದಾಗ ಗಂಟೆ ಒಂಬತ್ತು. ಒಂದು ಕಡೆ ಕಡಲು, ಇನ್ನೊಂದು ಕಡೆ ಸ್ವರ್ಣಾ, ಸೀತಾ ನದಿಗಳ ನೀರು. ನೆಲ ಅಲ್ಲಿಗೆ ಮುಗಿಯುತ್ತದೆ. ಅಲ್ಲೇ ಕೂತು ಕಡುಬು, ಚಟ್ನಿ ತಿಂದೆವು. ಇಡೀ ದಾರಿಯಲ್ಲಿ ನನಗೆ ಅಷ್ಟು ರುಚಿಯಾದ ಊಟ ಬೇರೆ ಇಲ್ಲ. ಹಂಗಾರಕಟ್ಟೆಗೆ ದೋಣಿಯಲ್ಲಿ ದಾಟಬೇಕು. ರಸ್ತೆಯಲ್ಲಿ ಹೋದರೆ ಬಹಳ ಸುತ್ತು.

ಆರನೇ ದಿನ ಕುಂಭಾಶಿಯ ಆನೆಗುಡ್ಡೆ ದೇವಸ್ಥಾನದಲ್ಲಿ ಪ್ರಸಾದದ ಊಟ ಮಾಡಿದೆವು. ಒಂದು ಮಾತು ಹೇಳಬೇಕು. ದೇವಸ್ಥಾನದ ಊಟವನ್ನು ಬಜೆಟ್ಟಿನಲ್ಲಿ ಮೊದಲೇ ಉಳಿತಾಯ ಅಂತ ಬರೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ದಾರಿಯಲ್ಲಿ ಸಿಕ್ಕಿತು, ಕೈಮುಗಿದು ಉಂಡೆವು, ಹುಂಡಿಗೆ 40 ಹಾಕಿದೆವು. ಆ 40ನ್ನೂ ಲೆಕ್ಕದಲ್ಲಿ ಬರೆದೆ.

ಕುಂದಾಪುರ ದಾಟಿದ ಮೇಲೆ ದಾರಿ ಸುಲಭ. ಮರವಂತೆಯಲ್ಲಿ ಹೈವೇಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ನೋಡಲು ಚಂದ, ನಡೆಯಲು ಲಾರಿಗಳ ಹೆದರಿಕೆ. ಬೈಂದೂರು, ಶಿರೂರು, ಭಟ್ಕಳ ಬೇಗ ಬೇಗ ಮುಗಿದವು. ಬೆಳಗ್ಗೆ ಬೇಗ ಮುಗಿಸುವುದರಿಂದ ಇನ್ನೊಂದು ಲಾಭ ಆಯಿತು. ಹನ್ನೊಂದು ಗಂಟೆಗೆ ಊರು ಸೇರಿದರೆ ನಾಲ್ಕು ಲಾಡ್ಜ್ ನೋಡಿ, ಬಾಗಿಲಿನ ಚಿಲಕ ಪರೀಕ್ಷಿಸಿ, ರೇಟು ಮಾತಾಡಲು ಸಮಯ ಇರುತ್ತದೆ. ಕತ್ತಲಾದ ಮೇಲೆ ಹೋದರೆ, ಅದರಲ್ಲೂ ಹೆಂಗಸರು, ಕೇಳಿದಷ್ಟು ಕೊಡಬೇಕಾಗುತ್ತದೆ.

ಮುರುಡೇಶ್ವರದಿಂದ ವಾಪಸು ಬಸ್ಸಿನಲ್ಲಿ ಬಂದೆವು. ಸರ್ಕಾರಿ ಸಾದಾ ಬಸ್ಸಿನಲ್ಲಿ ಆಧಾರ್ ತೋರಿಸಿದರೆ 2023ರಿಂದ ಕರ್ನಾಟಕದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ, ಹಾಗಾಗಿ ದಿನದ ಓಡಾಟಕ್ಕೆ ಅದು ಹೆಚ್ಚು ಸಿಗಲಿಲ್ಲ. ದೂರದ ದಾರಿಗೆ ಮಾತ್ರ ದೊಡ್ಡ ಸಹಾಯ.

ಮನೆಗೆ ಬಂದು ಕವರ್ ತೆಗೆದು ನೋಡಿದೆ. ಅಂಟು ಬಿಚ್ಚಿರಲಿಲ್ಲ. ಸಾವಿರ ಹಾಗೇ ಇತ್ತು. ಆದರೆ ಮಟ್ಟುವಿನಿಂದ ಮಲ್ಪೆಯವರೆಗಿನ ತುಂಡನ್ನು ನಾವು ಆಟೋದಲ್ಲಿ ಹೋಗಿದ್ದೆವು, ನಡೆದಿಲ್ಲ. ಪಡುಕೆರೆಯ ಆ ದಾರಿಯಲ್ಲಿ ಒಂದು ಬದಿ ಹೊಳೆ, ಒಂದು ಬದಿ ಕಡಲು. ಬರುವ ಭಾನುವಾರ ಮೊದಲ ಬಸ್ಸಿಗೆ ಹೊರಡುವುದು ಅಂತ ಅಕ್ಕ ಈಗಲೇ ಹೇಳಿಟ್ಟಿದ್ದಾಳೆ. ದೊಡ್ಡಮ್ಮನಿಗೆ ಫೋನ್ ಮಾಡಿ, ನೀರುದೋಸೆ ಹನ್ನೊಂದು ಗಂಟೆಗೆ ಮಾಡಿದರೆ ಸಾಕು ಅಂತ ತಿಳಿಸಿದ್ದೇವೆ.