ಕ್ರಿಯೆಯ ಶಾಖವನ್ನು ನಾನು ಲೆಕ್ಕ ಹಾಕುವ ಬಗೆ

ರಾಸಾಯನಿಕ ಕ್ರಿಯೆಯ ಶಾಖ ಥರ್ಮಾಮೀಟರಿನಲ್ಲಿ ಕಾಣುವುದಿಲ್ಲ. ಅದು ತೋರಿಸುವುದು ಸುತ್ತಲಿನ ನೀರಿನ ತಾಪವನ್ನು ಮಾತ್ರ, ಉಳಿದದ್ದೆಲ್ಲ ಲೆಕ್ಕ. ಪ್ರಯೋಗಾಲಯದಲ್ಲಿ ಇದನ್ನು ಕಲಿಸುತ್ತಾ ಬಂದಂತೆ, ಇಲ್ಲಿ ಗುಣಾಕಾರಕ್ಕಿಂತ ಯಾವ ತಾಪ, ಯಾವುದರ ಮೋಲ್ (ಕಣಗಳ ಎಣಿಕೆಯಲ್ಲಿ ವಸ್ತುವಿನ ಪ್ರಮಾಣ ಹೇಳುವ ಏಕಮಾನ), ಯಾವ ಸ್ಥಿತಿ ಎಂದು ಕೇಳಿಕೊಳ್ಳುವುದೇ ಮುಖ್ಯ ಎಂಬುದು ನನಗೆ ಗಟ್ಟಿಯಾಗಿದೆ.

ನನಗೆ ಬಹಳ ಇಷ್ಟವಾದ ಪ್ರಯೋಗ ಸತು ಮತ್ತು ತಾಮ್ರದ ಸಲ್ಫೇಟಿನದು. ಥರ್ಮೋಕೋಲ್ ಲೋಟಕ್ಕೆ 0.2 ಮೋಲಾರ್ (ಲೀಟರಿಗೆ 0.2 ಮೋಲ್) ತಾಮ್ರದ ಸಲ್ಫೇಟ್ ದ್ರಾವಣವನ್ನು 50 ಮಿಲಿಲೀಟರ್ ಹಾಕುತ್ತೇನೆ. ಅದರಲ್ಲಿರುವುದು 0.01 ಮೋಲ್. ಸತುವಿನ ಪುಡಿ ಸುಮಾರು 2 ಗ್ರಾಂ, ಬೇಕಾದುದಕ್ಕಿಂತ ಹೆಚ್ಚೇ. ಹಾಗಾಗಿ ಮೊದಲು ಮುಗಿಯುವುದು ತಾಮ್ರದ ಸಲ್ಫೇಟ್. ಕೊನೆಗೆ ಭಾಗಿಸಬೇಕಾದದ್ದೂ ಅದರ ಮೋಲ್‌ನಿಂದಲೇ. ತೂಗಿದ ಸತುವಿನಿಂದ ಭಾಗಿಸಿದರೆ ಕ್ರಿಯೆಯಲ್ಲಿ ಪಾಲ್ಗೊಳ್ಳದ ಪುಡಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಪುಡಿ ಹಾಕುವ ಮುನ್ನವೇ ಅರ್ಧ ನಿಮಿಷಕ್ಕೊಮ್ಮೆ ತಾಪ ಬರೆದುಕೊಳ್ಳಲು ಆರಂಭಿಸುತ್ತೇನೆ. 25.0 ಡಿಗ್ರಿಯಲ್ಲಿ ಸ್ಥಿರವಾಗಿ ನಿಂತಿದೆ ಎನ್ನೋಣ. ಮೂರನೆಯ ನಿಮಿಷಕ್ಕೆ ಸತು ಹಾಕಿ ಬಿಡದೆ ಕಲಕಬೇಕು. ನೀಲಿ ಬಣ್ಣ ಮಾಸುತ್ತಾ ಹೋಗುತ್ತದೆ, ಕಂದು ತಾಮ್ರ ತಳಕ್ಕೆ ಇಳಿಯುತ್ತದೆ, ತಾಪ 34.4ರವರೆಗೆ ಏರಿ ನಿಧಾನವಾಗಿ ಇಳಿಯತೊಡಗುತ್ತದೆ. ಇಳಿಯುವಾಗಲೂ ಬರೆಯುವುದನ್ನು ನಿಲ್ಲಿಸಬಾರದು. ಏಕೆಂದರೆ 34.4 ನಮಗೆ ಬೇಕಾದ ತಾಪವಲ್ಲ. ಕ್ರಿಯೆ ನಡೆಯುತ್ತಿದ್ದಾಗಲೇ ಲೋಟದಿಂದ ಶಾಖ ಸೋರುತ್ತಿತ್ತು. ಗ್ರಾಫಿನಲ್ಲಿ ಇಳಿಜಾರಿನ ಗೆರೆಯನ್ನು ಹಿಂದಕ್ಕೆ, ಮೂರನೆಯ ನಿಮಿಷದವರೆಗೆ ಎಳೆದರೆ 35.2 ಸಿಗುತ್ತದೆ. ಶಾಖವೆಲ್ಲ ಒಂದೇ ಕ್ಷಣದಲ್ಲಿ ಬಿಡುಗಡೆಯಾಗಿದ್ದರೆ ನೀರು ಮುಟ್ಟುತ್ತಿದ್ದ ತಾಪ ಅದು.

ಈಗ ಗುಣಾಕಾರ: 50 ಗ್ರಾಂ × 4.18 (ಒಂದು ಗ್ರಾಂ ನೀರಿನ ತಾಪ ಒಂದು ಡಿಗ್ರಿ ಏರಲು ಬೇಕಾದ ಜೂಲ್) × 10.2 (25.0ರಿಂದ 35.2ಕ್ಕೆ ಏರಿದ ತಾಪ), ಅಂದರೆ ಸುಮಾರು 2132 ಜೂಲ್. 0.01 ಮೋಲ್‌ನಿಂದ ಭಾಗಿಸಿದರೆ ಮೋಲ್‌ಗೆ 213 ಕಿಲೋಜೂಲ್. ನೀರು ಶಾಖ ಪಡೆದಿದೆ, ಕ್ರಿಯೆ ಕಳೆದುಕೊಂಡಿದೆ, ಆದ್ದರಿಂದ −213. ಪಠ್ಯಪುಸ್ತಕಗಳು ಕೊಡುವ ಬೆಲೆ ಸುಮಾರು −217. ಗರಿಷ್ಠ ತಾಪವನ್ನೇ ನಂಬಿದ್ದರೆ −196 ಬರುತ್ತಿತ್ತು. ಒಂದು ಗೆರೆ ಎಳೆದುದಕ್ಕೆ ಇಷ್ಟು ಫಲ! ಉಳಿದ ಕೊರತೆಗೂ ಕಾರಣ ಹುಡುಕಬಹುದು: ಲೋಟ ಮತ್ತು ಥರ್ಮಾಮೀಟರ್ ಹೀರಿದ ಶಾಖವನ್ನು ನಾವು ಬಿಟ್ಟಿದ್ದೇವೆ, ದ್ರಾವಣವನ್ನು ಬರಿಯ ನೀರೆಂದೇ ಎಣಿಸಿದ್ದೇವೆ.

ಎಲ್ಲ ಕ್ರಿಯೆಗಳೂ ಲೋಟದಲ್ಲಿ ಹೀಗೆ ಸಿಗುವುದಿಲ್ಲ. ಇಂಗಾಲವನ್ನು ಉರಿಸಿ ಕಾರ್ಬನ್ ಮೊನಾಕ್ಸೈಡ್ ಮಾತ್ರ ಆಗುವಂತೆ ತಡೆಯುವುದು ಕಷ್ಟ, ಡೈಆಕ್ಸೈಡ್ ಜೊತೆಗೇ ಬರುತ್ತದೆ. ಇಂಥಲ್ಲಿ ನೆರವಾಗುವುದು ಜರ್ಮೇನ್ ಹೆಸ್ 1840ರಲ್ಲಿ ಹೇಳಿದ ನಿಯಮ: ದಾರಿ ಯಾವುದಾದರೂ ಒಟ್ಟು ಶಾಖ ಒಂದೇ. ಇಂಗಾಲ ಪೂರ್ತಿ ಉರಿದರೆ ಮೋಲ್‌ಗೆ −393.5, ಮೊನಾಕ್ಸೈಡ್ ಉರಿದರೆ −283.0. ಎರಡನೆಯ ಸಮೀಕರಣವನ್ನು ತಿರುಗಿಸಿ, ಚಿಹ್ನೆಯನ್ನೂ ಬದಲಿಸಿ ಕೂಡಿದರೆ ಇಂಗಾಲ ಮೊನಾಕ್ಸೈಡ್ ಆಗುವ ಶಾಖ ಸಿಗುತ್ತದೆ: −110.5 ಕಿಲೋಜೂಲ್. ಅಳೆಯಲಾಗದ್ದು ಕಾಗದದ ಮೇಲೆ ಇಷ್ಟು ಖಚಿತವಾಗಿ ದೊರೆಯುವುದು ನನಗೆ ಇಂದಿಗೂ ಸಂತೋಷ ಕೊಡುತ್ತದೆ.

ಇಂಥ ಲೆಕ್ಕ ಶುರು ಮಾಡುವ ಮುನ್ನ ಪ್ರತಿ ವಸ್ತುವಿನ ಪಕ್ಕದಲ್ಲೂ ಘನ, ದ್ರವ, ಅನಿಲ ಎಂದು ಬರೆಯುತ್ತೇನೆ, ವಿದ್ಯಾರ್ಥಿಗಳಿಂದಲೂ ಬರೆಸುತ್ತೇನೆ. ಮೀಥೇನ್ ಉರಿದು ನೀರು ದ್ರವವಾಗಿ ಉಳಿದರೆ −890 ಕಿಲೋಜೂಲ್, ಆವಿಯಾಗಿ ಹೋದರೆ −802. ಆ 88 ಕಿಲೋಜೂಲ್ ಎಲ್ಲಿಗೂ ಕಳೆದುಹೋಗಿಲ್ಲ: 25 ಡಿಗ್ರಿಯಲ್ಲಿ ಒಂದು ಮೋಲ್ ನೀರು ಆವಿಯಾಗಲು 44 ಕಿಲೋಜೂಲ್ ಬೇಕು, ಇಲ್ಲಿ ಹುಟ್ಟುವುದು ಎರಡು ಮೋಲ್.