ಬಿಸಿ ಎಲೆಕ್ಟ್ರಾನ್ ಆರುವ ಹೊತ್ತನ್ನು ಅಳೆಯುವುದು

ಗ್ಯಾಲಿಯಮ್ ಆರ್ಸೆನೈಡ್ ಅನ್ನುವ ಅರೆವಾಹಕದ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಮೇಲಿನ ಬ್ಯಾಂಡಿಗೆ, ಅಂದರೆ ಅವು ಓಡಾಡಬಲ್ಲ ಮೇಲಿನ ಶಕ್ತಿಯ ಮಟ್ಟಗಳಿಗೆ, ಹಾರುತ್ತವೆ. ಬೆಳಕಿನ ಶಕ್ತಿ ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ಆ ಹೆಚ್ಚುವರಿ ಶಕ್ತಿ ಎಲೆಕ್ಟ್ರಾನಿನ ಓಟವಾಗಿ ಉಳಿಯುತ್ತದೆ. ಇದನ್ನೇ ನಾವು ಬಿಸಿ ಎಲೆಕ್ಟ್ರಾನ್ ಅನ್ನುತ್ತೇವೆ. ಹರಳು ತಣ್ಣಗೇ ಇರುತ್ತದೆ, ಅದರೊಳಗಿನ ಎಲೆಕ್ಟ್ರಾನ್ ಮಾತ್ರ ಕುದಿಯುತ್ತಿರುತ್ತದೆ. ಅದು ಎಷ್ಟು ಬೇಗ ಆರುತ್ತದೆ ಅಂತ ಅಳೆಯುವುದು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನನ್ನ ಕೆಲಸ.

ಇದು ಸುಮ್ನೆ ಕುತೂಹಲದ ಪ್ರಶ್ನೆ ಅಲ್ಲ. ಸೌರಕೋಶದ ಮೇಲೆ ಬೀಳುವ ಬಿಸಿಲಿನ ದೊಡ್ಡ ಪಾಲು ಹೀಗೇ ಶಾಖವಾಗಿ ಸೋರಿ ಹೋಗುತ್ತದೆ. ಒಂದೇ ಬಗೆಯ ಅರೆವಾಹಕದ ಸೌರಕೋಶದ ದಕ್ಷತೆಗೆ 1961ರಲ್ಲಿ ಷಾಕ್ಲಿ ಮತ್ತು ಕ್ವೈಸರ್ ಹಾಕಿಕೊಟ್ಟ ಮಿತಿ ಸುಮಾರು ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ನಿಲ್ಲುವುದಕ್ಕೆ ಈ ಸೋರಿಕೆ ಒಂದು ಮುಖ್ಯ ಕಾರಣ. ಎಲೆಕ್ಟ್ರಾನ್ ಆರುವ ಮೊದಲೇ ಹೊರಗೆ ಎಳೆದುಕೊಳ್ಳಬೇಕು ಅಂದರೆ ಮೊದಲು ಅದಕ್ಕೆ ಎಷ್ಟು ಹೊತ್ತು ಇದೆ ಅಂತ ಗೊತ್ತಿರಬೇಕು.

ಆ ಹೊತ್ತು ಕೆಲವೇ ಪಿಕೋಸೆಕೆಂಡ್. ಒಂದು ಪಿಕೋಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು. ಸಾಮಾನ್ಯ ಎಲೆಕ್ಟ್ರಾನಿಕ್ಸ್ ಇದನ್ನು ನೇರವಾಗಿ ಹಂತ ಹಂತವಾಗಿ ತೋರಿಸುವುದಿಲ್ಲ. ಆದ್ದರಿಂದ ಕಾಲವನ್ನು ಉದ್ದವಾಗಿ ಬದಲಾಯಿಸುತ್ತೇವೆ. ಒಂದೇ ಲೇಸರ್ ಪಲ್ಸನ್ನು ಬೀಮ್ ಸ್ಪ್ಲಿಟರಿನಲ್ಲಿ ಎರಡು ಮಾಡುತ್ತೇವೆ. ಜೋರಾದದ್ದು ಪಂಪ್, ಅದು ಎಲೆಕ್ಟ್ರಾನನ್ನು ಎಬ್ಬಿಸುತ್ತದೆ. ಮಂದವಾದದ್ದು ಪ್ರೋಬ್, ಅದು ಆಮೇಲೆ ಬಂದು ಏನಾಗಿದೆ ಅಂತ ನೋಡುತ್ತದೆ. ಬೆಳಕು ಒಂದು ಪಿಕೋಸೆಕೆಂಡಿಗೆ 0.3 ಮಿಲಿಮೀಟರ್ ಹೋಗುತ್ತದೆ. ಒಂದು ಕವಲಿನಲ್ಲಿ ಕನ್ನಡಿಗಳನ್ನು ಸರಿಯುವ ಸ್ಟೇಜಿನ ಮೇಲೆ ಕೂರಿಸಿದರೆ ದಾರಿ ಉದ್ದವಾಗುತ್ತದೆ, ಪ್ರೋಬ್ ತಡವಾಗುತ್ತದೆ. ಹೋಗಿ ಬರುವ ದಾರಿ ಆದ್ದರಿಂದ ಸ್ಟೇಜ್ 3 ಮೈಕ್ರಾನ್ ಸರಿದರೆ 20 ಫೆಮ್ಟೋಸೆಕೆಂಡ್ ತಡ (ಫೆಮ್ಟೋಸೆಕೆಂಡ್ ಅಂದರೆ ಪಿಕೋಸೆಕೆಂಡಿನ ಸಾವಿರದಲ್ಲೊಂದು ಪಾಲು). 15 ಸೆಂಟಿಮೀಟರ್ ಸರಿದರೆ ಒಂದು ನ್ಯಾನೋಸೆಕೆಂಡ್. ನಮ್ಮ ಗಡಿಯಾರ ಅಂದರೆ ಇಷ್ಟೇ.

ಲೇಸರ್ ಟೈಟೇನಿಯಮ್ ಸಫೈರಿನದು, ತರಂಗಾಂತರ 800 ನ್ಯಾನೋಮೀಟರ್, ಸುಮಾರು 100 ಫೆಮ್ಟೋಸೆಕೆಂಡಿನ ಪಲ್ಸು, ಸೆಕೆಂಡಿಗೆ ಸಾವಿರ. ಪಲ್ಸನ್ನು ಮೊದಲು ಹಿಗ್ಗಿಸಿ, ಬಲ ತುಂಬಿಸಿ, ಮತ್ತೆ ಕುಗ್ಗಿಸುವ ಆಂಪ್ಲಿಫೈಯರ್ ಇದು. 1985ರಲ್ಲಿ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ಡ್ ಮುರೂ ಎಂಬ ವಿಜ್ಞಾನಿಗಳು ತೋರಿಸಿದ ಈ ಉಪಾಯಕ್ಕೆ 2018ರಲ್ಲಿ ನೊಬೆಲ್ ಬಂತು. ಆಂಪ್ಲಿಫೈಯರ್ ಇಲ್ಲದ ಆಸಿಲೇಟರ್ ಸೆಕೆಂಡಿಗೆ 8 ಕೋಟಿ ಪಲ್ಸು ಕೊಡುತ್ತದೆ, ಸಿಗ್ನಲ್ ತುಂಬಾ ನುಣುಪಾಗಿ ಬರುತ್ತದೆ. ಆದರೂ ಈ ಕೆಲಸಕ್ಕೆ ನಾನು ಸಾವಿರದ ಲೇಸರನ್ನೇ ಆರಿಸಿಕೊಳ್ಳುತ್ತೇನೆ. 8 ಕೋಟಿ ಅಂದರೆ ಎರಡು ಪಲ್ಸಿನ ನಡುವೆ 12.5 ನ್ಯಾನೋಸೆಕೆಂಡ್ ಮಾತ್ರ. ಒಳ್ಳೆಯ ಗ್ಯಾಲಿಯಮ್ ಆರ್ಸೆನೈಡಿನಲ್ಲಿ ಅಷ್ಟರೊಳಗೆ ಹಳೆಯ ಎಲೆಕ್ಟ್ರಾನುಗಳು ಪೂರ್ತಿ ಕೆಳಗಿಳಿದಿರುವುದೇ ಇಲ್ಲ. ಸಾವಿರದ ಲೇಸರಿನಲ್ಲಿ ಒಂದು ಇಡೀ ಮಿಲಿಸೆಕೆಂಡ್ ಸಿಗುತ್ತದೆ. ಪ್ರತಿ ಪಲ್ಸಿಗೂ ಹರಳು ಹೊಸದರಂತೆ ಸಿದ್ಧವಾಗಿರುತ್ತದೆ.

ಒಂದು ಚಿಕ್ಕ ಲೆಕ್ಕ ಹೇಳಿಬಿಡುತ್ತೇನೆ, ಮುಂದಿನದಕ್ಕೆಲ್ಲ ಅದೇ ಆಧಾರ. 800 ನ್ಯಾನೋಮೀಟರಿನ ಒಂದು ಫೋಟಾನಿನ, ಅಂದರೆ ಬೆಳಕಿನ ಒಂದು ಕಣದ, ಶಕ್ತಿ 1.55 ಎಲೆಕ್ಟ್ರಾನ್ ವೋಲ್ಟ್; ಮುಂದಿನ ಶಕ್ತಿಯ ಅಂಕಿಗಳೂ ಇದೇ ಅಳತೆಯವು. ಕೋಣೆಯ ಉಷ್ಣತೆಯಲ್ಲಿ ಗ್ಯಾಲಿಯಮ್ ಆರ್ಸೆನೈಡಿನ ಬ್ಯಾಂಡ್ ಗ್ಯಾಪ್, ಅಂದರೆ ಮೇಲಿನ ಬ್ಯಾಂಡಿಗೆ ಹಾರಲು ಬೇಕಾದ ಕನಿಷ್ಠ ಶಕ್ತಿ, 1.42. ಮಿಕ್ಕಿದ್ದು 0.13. ಎಲೆಕ್ಟ್ರಾನ್ ಹಗುರ, ಅದು ಬಿಟ್ಟುಬಂದ ಹೋಲ್ ಭಾರ. ಹಾಗಾಗಿ ಮಿಕ್ಕಿದ್ದರಲ್ಲಿ 0.11ರಷ್ಟು ಎಲೆಕ್ಟ್ರಾನಿಗೇ ಹೋಗುತ್ತದೆ. ಈ ಹರಳು ಕಂಪಿಸುವಾಗ ಶಕ್ತಿಯನ್ನು ತುಣುಕು ತುಣುಕಾಗಿ ತೆಗೆದುಕೊಳ್ಳುತ್ತದೆ. ಆ ತುಣುಕೇ ಫೋನಾನ್, ಇಲ್ಲಿ ಮುಖ್ಯವಾದದ್ದರ ಬೆಲೆ 0.036. ಅಂದರೆ ನಮ್ಮ ಎಲೆಕ್ಟ್ರಾನ್ ಮೂರು ಫೋನಾನ್ ಬಿಟ್ಟರೆ ತಳ ಮುಟ್ಟುತ್ತದೆ. ಒಂದೊಂದು ಬಿಡುವುದಕ್ಕೆ 200 ಫೆಮ್ಟೋಸೆಕೆಂಡಿನ ಆಸುಪಾಸು ಸಾಕು.

ಸ್ಯಾಂಪಲ್ ಸುಮಾರು ಒಂದು ಮೈಕ್ರಾನ್ ದಪ್ಪದ ಫಿಲ್ಮು. ಬೆಳೆಸಿದ ವೇಫರಿನಿಂದ ತಳವನ್ನು ಕೊರೆದು ತೆಗೆದು, ಫಿಲ್ಮನ್ನು ಸಫೈರ್ ಬಿಲ್ಲೆಗೆ ಅಂಟಿಸಿರುತ್ತಾರೆ. ಇಡೀ ವೇಫರ್ ಇಟ್ಟರೆ ಬೆಳಕು ಆಚೆ ಬರುವುದೇ ಇಲ್ಲ. ಪ್ರತಿಫಲಿಸಿದ ಬೆಳಕಿನಲ್ಲೂ ಅಳೆಯಬಹುದು, ಆದರೆ ಅಲ್ಲಿ ವಕ್ರೀಭವನದ ಬದಲಾವಣೆ ಸೇರಿಕೊಂಡು ಅರ್ಥ ಬಿಡಿಸುವುದು ಕಷ್ಟ. ಆಚೆ ದಾಟಿ ಬರುವ ಬೆಳಕನ್ನೇ ನಾನು ಹೆಚ್ಚು ನಂಬುತ್ತೇನೆ.

ಇನ್ನು ಮೇಜಿನ ಕೆಲಸ. ಹೊಸಬರು ಯಾರೇ ಬಂದರೂ ನಾನು ಮೊದಲು ಹೇಳುವುದು ಕಣ್ಣಿನ ವಿಷಯ. 800 ನ್ಯಾನೋಮೀಟರ್ ನಮ್ಮ ಕಣ್ಣಿಗೆ ಮಂಕು ಕೆಂಪಾಗಿ ಕಾಣುತ್ತದೆ, ಅದೇ ಮೋಸ. ಕಂಡದ್ದು ಚೂರೇ ಚೂರು, ರೆಟಿನಾಕ್ಕೆ ಬೀಳುವುದು ಪೂರ್ತಿ. ಗಾಗಲ್ಸ್ ಹಾಕಿ. ವಾಚು, ಉಂಗುರ, ಬಳೆ ತೆಗೆದಿಡಿ. ಬೀಮಿನ ಎತ್ತರಕ್ಕೆ ತಲೆ ಬಗ್ಗಿಸಬೇಡಿ, ಕೆಳಗೆ ಬಿದ್ದ ಸ್ಕ್ರೂ ಎತ್ತಿಕೊಳ್ಳುವಾಗಲೂ ಶಟರ್ ಮುಚ್ಚಿಯೇ ಬಗ್ಗಿ. ಇದರಲ್ಲಿ ರಿಯಾಯಿತಿ ಕೊಡುವವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ಪಂಪೂ ಪ್ರೋಬೂ ಒಂದೇ ಕ್ಷಣಕ್ಕೆ ಸ್ಯಾಂಪಲಿಗೆ ಬರುವ ಜಾಗವನ್ನು ಸೊನ್ನೆ ಅನ್ನುತ್ತೇವೆ. ಅದನ್ನು ಹುಡುಕುವುದು ಒಂದು ಕಲೆ. ಮೊದಲು ಎರಡೂ ದಾರಿಗಳನ್ನು ಕನ್ನಡಿಯಿಂದ ಕನ್ನಡಿಗೆ ದಾರ ಹಿಡಿದು ಅಳೆಯುತ್ತೇನೆ. ಕೈ ಪಳಗಿದರೆ ಒಂದೆರಡು ಸೆಂಟಿಮೀಟರ್ ಹತ್ತಿರ ಬರುತ್ತದೆ, ಅಂದರೆ ಕೆಲವು ಹತ್ತು ಪಿಕೋಸೆಕೆಂಡ್. ಆಮೇಲೆ ಸ್ಯಾಂಪಲ್ ಇಡುವ ಜಾಗದಲ್ಲಿ ಬಿಬಿಒ ಅನ್ನುವ ತೆಳು ಹರಳು ಇಡುತ್ತೇನೆ. ಪ್ರೋಬ್ ದಾರಿಯಿಂದ ಸದ್ಯಕ್ಕೆ ಸಫೈರ್ ತುಂಡನ್ನು ತೆಗೆದಿರುತ್ತೇನೆ, ಅದರ ವಿಷಯ ಆಮೇಲೆ. ಎರಡು ಬೀಮೂ 800. ಹಿಂದೆ ಬಿಳಿ ಕಾರ್ಡು. ಒಂದೊಂದು ಬೀಮು ತನ್ನಷ್ಟಕ್ಕೇ ಒಂದೊಂದು ನೇರಳೆ ಚುಕ್ಕೆ ಕೊಡಬಹುದು. ಸ್ಟೇಜನ್ನು ನಿಧಾನಕ್ಕೆ ಸರಿಸುತ್ತಾ ಆ ಎರಡರ ಮಧ್ಯದ ಖಾಲಿ ಜಾಗ ನೋಡುತ್ತಿರಬೇಕು. ಒಂದು ಕಡೆ ಬಂದಾಗ ಅಲ್ಲಿ ಮೂರನೆಯ ಚುಕ್ಕೆ ಮಿನುಗಿ ಹೋಗುತ್ತದೆ. ಹಿಂದಕ್ಕೆ ಬಂದು ಮೈಕ್ರಾನ್ ಲೆಕ್ಕದಲ್ಲಿ ಸರಿಸಿದರೆ ಅದು ಬಂದು ನಿಲ್ಲುತ್ತದೆ, 400 ನ್ಯಾನೋಮೀಟರಿನ ನೇರಳೆ. ಎರಡೂ ಪಲ್ಸು ಹರಳಿನೊಳಗೆ ಒಟ್ಟಿಗೆ ಇದ್ದರೆ ಮಾತ್ರ ಅದು ಹುಟ್ಟುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಸಂತೋಷ ಕೊಡುತ್ತದೆ.

ಈಗ ಸಫೈರ್. ಪ್ರೋಬಿಗೆ ಬೇರೆ ಬೇರೆ ಬಣ್ಣ ಬೇಕು. 3 ಮಿಲಿಮೀಟರ್ ದಪ್ಪದ ಸಫೈರಿನಲ್ಲಿ ಸುಮಾರು ಒಂದು ಮೈಕ್ರೋಜೂಲ್ ಪಲ್ಸನ್ನು ಕೇಂದ್ರೀಕರಿಸಿದರೆ ಬಿಳಿ ಬೆಳಕು ಹುಟ್ಟುತ್ತದೆ. ಫಿಲ್ಟರ್ ಚಕ್ರವನ್ನು ತಿರುಗಿಸುತ್ತಾ ಹೋದರೆ ಮೊದಲು ಬರೀ ಕೆಂಪು. ಒಂದು ಹಂತ ದಾಟಿದ್ದೇ ತಡ, ಮಧ್ಯದಲ್ಲಿ ಬಿಳಿ ಚುಕ್ಕೆ, ಸುತ್ತ ಬಣ್ಣದ ಉಂಗುರ. ಇನ್ನೂ ಬಲ ಕೊಟ್ಟರೆ ಜಾಸ್ತಿ ಬೆಳಕು ಬರುತ್ತದೆ ನಿಜ, ಆದರೆ ಚುಕ್ಕೆ ಒಡೆದು ನಡುಗಲು ಶುರುವಾಗುತ್ತದೆ. ಬಿಳಿ ಬಂದ ಮೇಲೆ ಚೂರು ಮಾತ್ರ ಮುಂದಕ್ಕೆ ಹೋಗಿ ನಿಲ್ಲಿಸಬೇಕು. ದಿನವಿಡೀ ಸ್ಥಿರವಾಗಿರುವ ಮಂದ ಬೆಳಕು ನಡುಗುವ ಜೋರು ಬೆಳಕಿಗಿಂತ ಎಷ್ಟೋ ಮೇಲು. ಸಫೈರ್ ಇಟ್ಟ ಮೇಲೆ ಸೊನ್ನೆ ಸರಿಯುತ್ತದೆ, ಅದರೊಳಗೆ ಬೆಳಕು ನಿಧಾನ ಅಲ್ವಾ. ವಕ್ರೀಭವನ ಸೂಚ್ಯಂಕ 1.76, ದಪ್ಪ 3 ಮಿಲಿಮೀಟರ್. ತಡ 7.6 ಪಿಕೋಸೆಕೆಂಡ್. ಸ್ಟೇಜನ್ನು 1.14 ಮಿಲಿಮೀಟರ್ ವಾಪಸ್ ತಂದರೆ ಸೊನ್ನೆ ಅಲ್ಲೇ ಎಲ್ಲೋ ಕಾದಿರುತ್ತದೆ.

ಬಿಳಿ ಬೆಳಕಿನಿಂದ 10 ನ್ಯಾನೋಮೀಟರ್ ಅಗಲದ ಫಿಲ್ಟರಿನಲ್ಲಿ ಒಂದೊಂದೇ ಬಣ್ಣ ಆರಿಸುತ್ತೇನೆ: 820, 840, 860, 880 ನ್ಯಾನೋಮೀಟರ್. ಅಂಕಿ ದೊಡ್ಡದಾದಷ್ಟೂ ಫೋಟಾನಿನ ಶಕ್ತಿ ಕಡಿಮೆ. ಇದಕ್ಕಿಂತ ಕಿರಿದಾದ ಫಿಲ್ಟರ್ ಹಾಕಿದರೆ ಬಣ್ಣ ಖಚಿತವಾಗುತ್ತದೆ, ಆದರೆ ಪಲ್ಸು ಉದ್ದವಾಗಿಬಿಡುತ್ತದೆ. 860ರ ಹತ್ತಿರ 10 ನ್ಯಾನೋಮೀಟರ್ ಅಂದರೆ 110 ಫೆಮ್ಟೋಸೆಕೆಂಡಿಗಿಂತ ಚಿಕ್ಕ ಪಲ್ಸನ್ನು ಪ್ರಕೃತಿಯೇ ಕೊಡುವುದಿಲ್ಲ. ಎರಡನ್ನೂ ತೂಗಿ ನೋಡಿ ಇಲ್ಲಿ ನಿಂತಿದ್ದೇನೆ.

ಪಂಪ್ ಬಿದ್ದಾಗ ಆಚೆ ದಾಟಿ ಬರುವ ಪ್ರೋಬ್ ಬೆಳಕು ಎಷ್ಟು ಬದಲಾಗುತ್ತದೆ ಅನ್ನುವುದೇ ನಮ್ಮ ಸಿಗ್ನಲ್. ಎಲೆಕ್ಟ್ರಾನ್ ಆಗಲೇ ತುಂಬಿರುವ ಮಟ್ಟದಲ್ಲಿ ಹರಳು ಬೆಳಕನ್ನು ಕಡಿಮೆ ಹೀರುತ್ತದೆ, ಹೆಚ್ಚು ಬೆಳಕು ದಾಟಿ ಬರುತ್ತದೆ. ಈ ಸಿಗ್ನಲ್ ಚಿಕ್ಕದು. ಪಂಪ್ ಕಡಿಮೆ ಇಟ್ಟಾಗ ದಾಟಿ ಬರುವ ಬೆಳಕಿನಲ್ಲಿ ಹತ್ತು ಸಾವಿರದಲ್ಲೊಂದು ಪಾಲು ಬದಲಾದರೂ ಅದನ್ನು ಹಿಡಿಯಬೇಕು. ಅದಕ್ಕೆ ಪಂಪ್ ದಾರಿಯಲ್ಲಿ ಚಾಪರ್ ಇಟ್ಟು ಒಂದು ಬಿಟ್ಟು ಒಂದು ಪಲ್ಸನ್ನು ತಡೆಯುತ್ತೇವೆ. ಲಾಕ್-ಇನ್ ಆಂಪ್ಲಿಫೈಯರ್ ಆ 500 ಹರ್ಟ್ಸಿನ ತಾಳಕ್ಕೆ ಕುಣಿಯುವುದನ್ನು ಮಾತ್ರ ಹೆಕ್ಕಿಕೊಡುತ್ತದೆ. ಆದರೆ ಲಾಕ್-ಇನ್‌ಗೆ ಎಲೆಕ್ಟ್ರಾನ್ ಯಾವುದು, ಧೂಳಿನಿಂದ ಚದುರಿದ ಪಂಪ್ ಬೆಳಕು ಯಾವುದು ಅಂತ ಗೊತ್ತಿಲ್ಲ. ತಾಳಕ್ಕೆ ಕುಣಿದದ್ದನ್ನೆಲ್ಲ ಅದು ತೋರಿಸುತ್ತದೆ. ಈ ಕೆಲಸದಲ್ಲಿ ವಕ್ರರೇಖೆ ಸಿಗುವುದು ಅಷ್ಟು ಕಷ್ಟ ಅಲ್ಲ. ಅದು ಎಲೆಕ್ಟ್ರಾನಿನದೇ ಅಂತ ಖಾತ್ರಿ ಮಾಡಿಕೊಳ್ಳುವುದೇ ನಿಜವಾದ ಪ್ರಯೋಗ. ನನ್ನ ಹೊತ್ತಿನ ಬಹುಪಾಲು ಹೋಗುವುದೂ ಅಲ್ಲಿಗೇ, ಹೋಗಬೇಕಾದದ್ದೂ ಅಲ್ಲಿಗೇ.

ಮೊದಲು ಪ್ರೋಬ್ ಮುಚ್ಚಿ ನೋಡುತ್ತೇನೆ. ಸಿಗ್ನಲ್ ಸೊನ್ನೆಗೆ ಬರಲೇಬೇಕು. ಬರಲಿಲ್ಲ ಅಂದರೆ ಪಂಪ್ ಚದುರಿ ಡಿಟೆಕ್ಟರಿಗೆ ಹೋಗುತ್ತಿದೆ. ಪಂಪಿನ ಧ್ರುವೀಕರಣವನ್ನು, ಅಂದರೆ ಬೆಳಕು ಕಂಪಿಸುವ ದಿಕ್ಕನ್ನು, 90 ಡಿಗ್ರಿ ತಿರುಗಿಸಿ, ಡಿಟೆಕ್ಟರಿನ ಮುಂದೆ ಪ್ರೋಬಿನ ದಿಕ್ಕಿನದನ್ನು ಮಾತ್ರ ಬಿಡುವ ಪೋಲರೈಸರ್ ಇಟ್ಟರೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಆಮೇಲೆ ಪ್ರೋಬ್ ಪಂಪಿಗಿಂತ ಮೊದಲೇ ಬರುವ ಕಡೆ, ಅಂದರೆ ಸೊನ್ನೆಗಿಂತ ಹಿಂದೆ, ರೇಖೆ ಚಪ್ಪಟೆಯಾಗಿದೆಯೇ ಅಂತ. ಆಮೇಲೆ ಪಂಪನ್ನು ಅರ್ಧ ಮಾಡಿದರೆ ಸಿಗ್ನಲ್ಲೂ ಅರ್ಧವಾಗುತ್ತದೆಯೇ ಅಂತ.

ಎಲ್ಲಕ್ಕಿಂತ ನಯವಾಗಿ ದಾರಿ ತಪ್ಪಿಸುವುದು ಸ್ಟೇಜ್. ಅದು ಸರಿಯುವಾಗ ಬೀಮ್ ಸ್ಯಾಂಪಲಿನ ಮೇಲೆ ಕೂದಲೆಳೆಯಷ್ಟು ಜರುಗಿದರೂ ಪಂಪ್ ಪ್ರೋಬ್ ಒಂದರ ಮೇಲೊಂದು ಕೂರುವುದು ಕಡಿಮೆಯಾಗುತ್ತದೆ. ಸಿಗ್ನಲ್ ಇಳಿಯುತ್ತದೆ. ನೋಡುವವರಿಗೆ ಅದು ಚಂದದ ಕ್ಷಯದ ರೇಖೆಯಂತೆಯೇ ಕಾಣುತ್ತದೆ, ಅದಕ್ಕೊಂದು ಕಾಲಮಾನವನ್ನೂ ಹೊಂದಿಸಿಬಿಡಬಹುದು! ಅದಕ್ಕೇ ಸ್ಯಾಂಪಲ್ ಜಾಗದಲ್ಲಿ ಕ್ಯಾಮೆರಾ ಇಟ್ಟು, ಸ್ಟೇಜನ್ನು ಈ ತುದಿಯಿಂದ ಆ ತುದಿಗೆ ಓಡಿಸಿ, ಚುಕ್ಕೆ ಅಲುಗಾಡದ ತನಕ ಕನ್ನಡಿ ತಿದ್ದುತ್ತೇನೆ. ಪಂಪ್ ಚುಕ್ಕೆಯನ್ನು 300 ಮೈಕ್ರಾನಿಗೂ ಪ್ರೋಬನ್ನು 100ಕ್ಕೂ ಇಡುತ್ತೇನೆ. ದೊಡ್ಡದರ ನಡುವೆ ಚಿಕ್ಕದು ಕೂತರೆ ಸಣ್ಣ ಅಲುಗಾಟ ತಟ್ಟುವುದಿಲ್ಲ.

ಇಷ್ಟಾದ ಮೇಲೆ ಕಾಣುವುದು ನಿಜಕ್ಕೂ ಸೊಗಸು. 820ರಲ್ಲಿ ನೋಡಿದರೆ ಸಿಗ್ನಲ್ ಸೊನ್ನೆಯಲ್ಲೇ ಜಿಗಿದು ಬೇಗ ಇಳಿಯುತ್ತದೆ. ಅದು ಬ್ಯಾಂಡಿನ ಮೇಲ್ಗಡೆಯ ಜಾಗ, ಎಲೆಕ್ಟ್ರಾನುಗಳು ಅಲ್ಲಿಂದ ಖಾಲಿ ಮಾಡುತ್ತಿವೆ. 860 ಬ್ಯಾಂಡಿನ ಅಂಚಿಗೆ ಹತ್ತಿರ. ಅಲ್ಲಿ ಸಿಗ್ನಲ್ ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಮೇಲಿನಿಂದ ಇಳಿದದ್ದು ಕೆಳಗೆ ಬಂದು ತುಂಬಿಕೊಳ್ಳುತ್ತಿದೆ. ಎರಡು ರೇಖೆಗಳನ್ನು ಒಂದೇ ಹಾಳೆಯಲ್ಲಿ ಹಾಕಿದರೆ ಎಲೆಕ್ಟ್ರಾನ್ ಇಳಿಯುವುದು ಕಣ್ಣಿಗೆ ಕಟ್ಟುತ್ತದೆ. 880 ಗ್ಯಾಪಿಗಿಂತ ಕೆಳಗೆ, ಅಲ್ಲಿ ಮೊದಮೊದಲು ಚಿಹ್ನೆಯೇ ತಿರುಗುಮುರುಗು. ಎಲೆಕ್ಟ್ರಾನುಗಳ ಗುಂಪು ಗ್ಯಾಪನ್ನೇ ಚೂರು ಕುಗ್ಗಿಸುತ್ತದೆ, ಮೊದಲು ಸಲೀಸಾಗಿ ದಾಟುತ್ತಿದ್ದ ಬೆಳಕು ಈಗ ಹೀರಿಹೋಗುತ್ತದೆ. ಬೇರೆ ಬೇರೆ ಬಣ್ಣದಲ್ಲಿ ಸಿಗ್ನಲ್ ಹೇಗೆ ಬೀಳುತ್ತದೆ ಅನ್ನುವುದರಿಂದ ಆಯಾ ಕ್ಷಣಕ್ಕೆ ಎಲೆಕ್ಟ್ರಾನಿನ ಉಷ್ಣತೆ ತೆಗೆಯಬಹುದು.

ಪಂಪನ್ನು ಜೋರು ಮಾಡಿದರೆ ಒಂದು ವಿಚಿತ್ರ. ಚದರ ಸೆಂಟಿಮೀಟರಿಗೆ 10 ಮೈಕ್ರೋಜೂಲ್ ಕೊಟ್ಟರೆ ಫಿಲ್ಮಿನಲ್ಲಿ ಘನ ಸೆಂಟಿಮೀಟರಿಗೆ ಸುಮಾರು 3×10¹⁷ ಎಲೆಕ್ಟ್ರಾನ್ ಏಳುತ್ತವೆ. ಆಗ 860ರ ಏರಿಕೆ ನಿಧಾನವಾಗುತ್ತದೆ, ಆರುವುದೇ ತಡ. ಒಂದು ಫೋನಾನ್ ಬಿಡಲು 200 ಫೆಮ್ಟೋಸೆಕೆಂಡ್ ಸಾಕು ಅಂದೆನಲ್ಲ, ಮತ್ತೆ ಯಾಕೆ? ಹಾಲಿನ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸುವಾಗ ತಟ್ಟೆಯ ನೀರೇ ಬಿಸಿಯಾಗಿಬಿಟ್ಟರೆ ಹಾಲು ಆರುವುದಿಲ್ಲ. ಇಲ್ಲೂ ಅಷ್ಟೇ. ಬಿಟ್ಟ ಫೋನಾನುಗಳು ಕರಗಿ ಹರಳಿಗೆಲ್ಲ ಹಂಚಿಹೋಗಲು ಕೆಲವು ಪಿಕೋಸೆಕೆಂಡ್ ಬೇಕು. ಅಷ್ಟರಲ್ಲಿ ಎಲೆಕ್ಟ್ರಾನುಗಳು ಅವನ್ನೇ ವಾಪಸ್ ಹೀರಿಕೊಳ್ಳುತ್ತವೆ. ಬಿಸಿ ಎಲೆಕ್ಟ್ರಾನಿನ ಸೌರಕೋಶ ಮಾಡಬೇಕು ಅನ್ನುವವರಿಗೆ ಆಸೆ ಇರುವುದು ಈ ತಡದಲ್ಲೇ. ನನಗೂ ಇದೆ.

ಈಗ ಫಿಲ್ಮನ್ನು ಕ್ರಯೋಸ್ಟಾಟಿನಲ್ಲಿಟ್ಟು ದ್ರವ ನೈಟ್ರೋಜನ್ನಿನ 77 ಕೆಲ್ವಿನ್‌ಗೆ ಇಳಿಸುವ ತಯಾರಿ ನಡೆದಿದೆ. ಅಲ್ಲಿ ಗ್ಯಾಪ್ 1.51ಕ್ಕೆ ಏರುತ್ತದೆ. ಅದೇ 800ರ ಪಂಪಿನಿಂದ ಎಲೆಕ್ಟ್ರಾನಿಗೆ ಸಿಗುವ ಹೆಚ್ಚುವರಿ ಸುಮಾರು 0.037, ಹೆಚ್ಚು ಕಡಿಮೆ ಒಂದೇ ಒಂದು ಫೋನಾನಿನ ಬೆಲೆ. ಪಂಪಿನ ಬಣ್ಣವನ್ನು ಚೂರು ಕೆಂಪಿಗೆ ಸರಿಸಿದರೆ ಒಂದು ಫೋನಾನ್ ಬಿಡುವಷ್ಟೂ ಶಕ್ತಿ ಇರುವುದಿಲ್ಲ. ಆಗ ಎಲೆಕ್ಟ್ರಾನ್ ಎಷ್ಟು ನಿಧಾನವಾಗುತ್ತದೆ ಅಂತ ನೋಡಬೇಕು. ಪ್ರೋಬಿನ ಫಿಲ್ಟರುಗಳೂ ಹೊಸವು ಬೇಕು, ಬ್ಯಾಂಡಿನ ಅಂಚು 820ರ ಹತ್ತಿರಕ್ಕೆ ಬಂದಿರುತ್ತದೆ. ಕ್ರಯೋಸ್ಟಾಟಿನ ಒಳಗೆ ಬಿಬಿಒ ಇಡಲು ಜಾಗ ಇಲ್ಲ. ಆದ್ದರಿಂದ ಸೊನ್ನೆಯನ್ನು ಫಿಲ್ಮಿನ ಸಿಗ್ನಲ್ ಜಿಗಿಯುವ ಜಾಗದಿಂದಲೇ ತೆಗೆಯಬೇಕು. ಅದಕ್ಕೆ ಬೇಕಾದ ಹೋಲಿಕೆಯ ಅಳತೆಯನ್ನು ಕೋಣೆಯ ಉಷ್ಣತೆಯಲ್ಲಿ, ಕ್ರಯೋಸ್ಟಾಟಿನ ಕಿಟಕಿ ಇಟ್ಟು ಮತ್ತು ತೆಗೆದು, ಎರಡೂ ಥರ ಈಗ ತೆಗೆದುಕೊಳ್ಳುತ್ತಿದ್ದೇನೆ.