ಮನೆಯಲ್ಲೇ ಕಲಿಯುವ ಮಕ್ಕಳಿಗೊಂದು ತಿಂಗಳ ಪತ್ರಿಕೆ: ಶುರು ಮಾಡುವುದು ಹೇಗೆ?

ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಕ್ಕಳಿಗೆ ಪಾಠ ಹೇಳಿಕೊಡಲು ಪುಸ್ತಕ ಸಿಗುತ್ತದೆ, ವಿಡಿಯೊ ಸಿಗುತ್ತದೆ. ಸುಲಭವಾಗಿ ಸಿಗದೇ ಇರುವುದು ಜೊತೆಗಾರರು. ತಾನು ಮಾಡಿದ್ದನ್ನು ಅಪ್ಪ ಅಮ್ಮನ ಜೊತೆಗೆ ಇನ್ನೊಬ್ಬರೂ ನೋಡಬೇಕು, ಅದರ ಬಗ್ಗೆ ಏನಾದರೂ ಕೇಳಬೇಕು ಅಂತ ಮಕ್ಕಳಿಗೆ ಆಸೆ ಇದ್ದೇ ಇರುತ್ತದೆ. ಐದಾರು ಮನೆಯವರು ಸೇರಿ ತಿಂಗಳಿಗೊಂದು ಪುಟ್ಟ ಪತ್ರಿಕೆ ತಂದರೆ ಈ ಆಸೆಗೆ ಒಂದು ದಾರಿಯಾಗುತ್ತದೆ. ಒಂದು ಹಾಳೆ, ಒಂದು ಪ್ರಿಂಟರ್, ಎರಡು ಮೂರು ಸಂಜೆಯ ಬಿಡುವು ಇದ್ದರೆ ಸಾಕು.

ಆದರೆ ಇಂಥ ಪತ್ರಿಕೆಗಳು ಶುರುವಾದಷ್ಟೇ ಬೇಗ ನಿಲ್ಲುವುದೂ ಉಂಟು. ಯಾಕೆಂದರೆ ಅವುಗಳ ತುಂಬ ಬರೀ ಪ್ರಕಟಣೆ ಇರುತ್ತದೆ. ಎಲ್ಲಿ ಸೇರಬೇಕು, ಎಷ್ಟು ಗಂಟೆಗೆ ಬರಬೇಕು ಅಂತ ತಿಳಿಸಲು ವಾಟ್ಸಾಪ್ ಗುಂಪೇ ಸಾಕು ಅಲ್ವಾ? ಪತ್ರಿಕೆ ಬೇಕಾಗುವುದು ಬೇರೆ ಕೆಲಸಕ್ಕೆ. ಈ ತಿಂಗಳು ಒಂದು ಪ್ರಶ್ನೆ ಕೇಳಬೇಕು. ಅದನ್ನು ಎಲ್ಲ ಮನೆಯ ಮಕ್ಕಳೂ ಮಾಡಿ ನೋಡಬೇಕು. ಅವರಿಗೆ ಕಂಡದ್ದು ಮುಂದಿನ ತಿಂಗಳು ಅಚ್ಚಾಗಬೇಕು. ತಾನು ಅಳೆದ ಅಂಕಿ ಪತ್ರಿಕೆಯಲ್ಲಿ ಬರುತ್ತದೆ ಎಂದು ಗೊತ್ತಾದ ಮಗು ಮುಂದಿನ ಸಂಚಿಕೆಗೆ ತಾನಾಗಿಯೇ ಕಾಯುತ್ತದೆ.

ಇದಕ್ಕೆ ಒಂದು ಹಳೆಯ ಉದಾಹರಣೆ ಇದೆ. 1977ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜಾನ್ ಹೋಲ್ಟ್ ಎಂಬ ಶಿಕ್ಷಕರು ಮನೆಶಿಕ್ಷಣದ ಕುಟುಂಬಗಳಿಗಾಗಿ ‘ಗ್ರೋಯಿಂಗ್ ವಿತೌಟ್ ಸ್ಕೂಲಿಂಗ್’ ಎಂಬ ಸುದ್ದಿಪತ್ರ ಶುರು ಮಾಡಿದರು. ಅದರಲ್ಲಿ ಓದುಗ ತಂದೆತಾಯಿಯರ ಪತ್ರಗಳಿಗೇ ಜಾಸ್ತಿ ಜಾಗ. 1985ರಲ್ಲಿ ಹೋಲ್ಟ್ ತೀರಿಕೊಂಡರು. ಪತ್ರಿಕೆ ಮಾತ್ರ 2001ರವರೆಗೂ ಬಂತು.

ಮೊದಲು ತಾರೀಖು ಗೊತ್ತು ಮಾಡಿ

ಪ್ರತಿ ತಿಂಗಳು ಒಂದೊಂದು ಮನೆಯವರು ಸಂಪಾದಕರಾಗಲಿ. ಆ ಮನೆಯ ದೊಡ್ಡ ಮಗುವೂ ಕೆಲಸಕ್ಕೆ ಕೂರಲಿ. 20ನೇ ತಾರೀಖಿನೊಳಗೆ ಬರಹ, ಚಿತ್ರ, ಅಳತೆ ಎಲ್ಲ ಕೈಸೇರಬೇಕು. 25ಕ್ಕೆ ಪುಟ ಜೋಡಿಸಬೇಕು. 1ನೇ ತಾರೀಖಿಗೆ ಪತ್ರಿಕೆ ಎಲ್ಲ ಮನೆಗೂ ತಲುಪಬೇಕು. ತಡವಾಗಿ ಬಂದದ್ದು ಮುಂದಿನ ಸಂಚಿಕೆಗೆ. ಒಬ್ಬರಿಗಾಗಿ ಕಾಯುತ್ತಾ ಕೂತರೆ ಉಳಿದವರಿಗೂ ಸಡಿಲ ಬೀಳುತ್ತದೆ. ಹಾಗಾಗಿ ಈ ಒಂದು ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿರಿ.

ಒಂದೇ ಹಾಳೆಯಲ್ಲಿ ಎಂಟು ಪುಟ

ಪಿನ್ನು, ಅಂಟು ಯಾವುದೂ ಬೇಡ. ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಉದ್ದದ ಅಂಚುಗಳು ಕೂಡುವಂತೆ ಮಡಿಚಿ, ಗೆರೆ ಒತ್ತಿ, ಬಿಚ್ಚಿ. ಈಗ ಚಿಕ್ಕ ಅಂಚುಗಳು ಕೂಡುವಂತೆ ಮಡಿಚಿ, ಅದೇ ದಿಕ್ಕಿಗೆ ಇನ್ನೊಮ್ಮೆ ಮಡಿಚಿ, ಪೂರ್ತಿ ಬಿಚ್ಚಿ. ಎಂಟು ಚೌಕ ಕಾಣುತ್ತವೆ. ಚಿಕ್ಕ ಅಂಚುಗಳನ್ನು ಮತ್ತೆ ಕೂಡಿಸಿ ಒಂದೇ ಸಲ ಮಡಿಚಿ. ಮಡಿಕೆ ಇರುವ ಕಡೆಯಿಂದ, ನಡುಗೆರೆಯ ಮೇಲೆ, ಒಂದು ಚೌಕದಷ್ಟು ಮಾತ್ರ ಕತ್ತರಿಸಿ. ಹಾಳೆ ಬಿಚ್ಚಿದರೆ ನಟ್ಟ ನಡುವೆ ಎರಡು ಚೌಕದ ಉದ್ದದ ಸೀಳು ಇರುತ್ತದೆ. ಕೊನೆಗೆ ಉದ್ದಕ್ಕೆ ಮಡಿಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ಬಿಡುತ್ತದೆ. ಹಾಗೇ ಒಂದು ಕಡೆಗೆ ಮಡಿಚಿ ಒತ್ತಿದರೆ ಪುಟ್ಟ ಪುಸ್ತಕ ಸಿದ್ಧ.

ಯಾವ ಪುಟ ಎಲ್ಲಿ, ಯಾವುದು ತಲೆಕೆಳಗು ಎಂದು ತಲೆಕೆಡಿಸಿಕೊಳ್ಳಬೇಡಿ. ಖಾಲಿ ಹಾಳೆಯಲ್ಲಿ ಒಂದು ಪುಸ್ತಕ ಮಡಿಚಿ, ಪೆನ್ಸಿಲ್‌ನಿಂದ 1ರಿಂದ 8ರವರೆಗೆ ನಂಬರ್ ಹಾಕಿ ಬಿಚ್ಚಿ. ಅದೇ ನಿಮ್ಮ ನಕ್ಷೆ. ಎ4ರಲ್ಲಿ ಮಾಡಿದರೆ ಒಂದು ಪುಟ ಸುಮಾರು 7.4 x 10.5 ಸೆಂ.ಮೀ. ಬರುತ್ತದೆ. ಪುಟ್ಟ ಮಕ್ಕಳ ದಪ್ಪ ಅಕ್ಷರಕ್ಕೆ ಇದು ಸಾಲದು ಅನಿಸಿದರೆ ಎ3 ಹಾಳೆ ಬಳಸಿ. ಅಳತೆ ದೊಡ್ಡದಾಗುತ್ತದೆ, ಮಡಿಚುವ ಕ್ರಮ ಅದೇ. ಮಡಿಚುವ ಕೆಲಸ ಮಕ್ಕಳಿಗೇ ಬಿಡಿ.

ಪುಟಗಳಲ್ಲಿ ಏನಿರಲಿ?

ಮುಖಪುಟಕ್ಕೆ ಒಂದು ಮಗುವಿನ ಚಿತ್ರ. ಒಂದು ಪುಟದಲ್ಲಿ ತಿಂಗಳ ತಾರೀಖುಗಳು. ಎರಡು ಪುಟ ಮಕ್ಕಳ ಬರಹಕ್ಕೆ, ಒಂದು ಪುಟ ಹೋದ ತಿಂಗಳ ಫಲಿತಾಂಶಕ್ಕೆ, ಎರಡು ಪುಟ ಈ ತಿಂಗಳ ಚಟುವಟಿಕೆಗೆ. ಕೊನೆಯ ಪುಟದಲ್ಲಿ ‘ಬೇಕಾಗಿದೆ, ಕೊಡುತ್ತೇವೆ’ ಎಂಬ ಪಟ್ಟಿ. ಒಬ್ಬರ ಮನೆಯಲ್ಲಿ ಮೈಕ್ರೊಸ್ಕೋಪ್ ಸುಮ್ನೆ ಕೂತಿರುತ್ತದೆ, ಇನ್ನೊಬ್ಬರ ಮಗು ಅದಕ್ಕಾಗಿ ಹಂಬಲಿಸುತ್ತಿರುತ್ತದೆ. ಒಂದು ಸಾಲು ಬರೆದರೆ ಇಬ್ಬರಿಗೂ ಗೊತ್ತಾಗುತ್ತದೆ.

ಮಕ್ಕಳ ಬರಹ ತಿದ್ದುವಾಗ ಕೈ ಹಿಡಿತದಲ್ಲಿರಲಿ. ಕಾಗುಣಿತದ ತಪ್ಪನ್ನು ಮಗುವಿನ ಪಕ್ಕ ಕೂತು ಸರಿಮಾಡಿ. ವಾಕ್ಯ ಮಗುವಿನದ್ದೇ ಇರಲಿ. ದೊಡ್ಡವರು ನಯ ಮಾಡಿದ ಬರಹದಲ್ಲಿ ಆ ಮಗುವೇ ಕಾಣಿಸುವುದಿಲ್ಲ, ಅದು ಉಳಿದ ಮಕ್ಕಳಿಗೂ ಗೊತ್ತಾಗುತ್ತದೆ. ಬಹುಮಾನ, ಒಂದನೇ ಸ್ಥಾನ, ಎರಡನೇ ಸ್ಥಾನ ಖಂಡಿತ ಬೇಡ.

ಚಟುವಟಿಕೆ ಆರಿಸುವುದು ಹೇಗೆ?

ಪತ್ರಿಕೆಯ ಜೀವ ಇರುವುದು ಇಲ್ಲೇ. ಮನೆಯಲ್ಲಿರುವ ಸಾಮಾನಿನಲ್ಲೇ ಆಗಬೇಕು. 5 ವರ್ಷದ ಮಗುವಿಗೂ 14 ವರ್ಷದವರಿಗೂ ಅದರಲ್ಲಿ ಕೆಲಸ ಇರಬೇಕು. ಇವೆರಡಕ್ಕಿಂತ ಮುಖ್ಯವಾದದ್ದು ಇನ್ನೊಂದು: ಬೇರೆ ಬೇರೆ ಮನೆಯ ಉತ್ತರಗಳನ್ನು ಪಕ್ಕಪಕ್ಕ ಇಟ್ಟಾಗ ಹೊಸದೇನಾದರೂ ಗೊತ್ತಾಗಬೇಕು.

ಮೊದಲ ಸಂಚಿಕೆಗೆ ಚಂದ್ರನೇ ಒಳ್ಳೆಯ ಆಯ್ಕೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ, ತಿಂಗಳ ಪತ್ರಿಕೆಗೆ ಹೇಳಿ ಮಾಡಿಸಿದ ಲೆಕ್ಕ. ಅಮಾವಾಸ್ಯೆ ಕಳೆದು ಎರಡು ದಿನಕ್ಕೆ ಸಂಜೆ ಪಶ್ಚಿಮದಲ್ಲಿ ಎಳೆ ಚಂದ್ರ ಕಾಣುತ್ತಾನೆ. ಅಲ್ಲಿಂದ ಹುಣ್ಣಿಮೆವರೆಗೆ ಪ್ರತಿದಿನ ಅದೇ ಹೊತ್ತಿಗೆ ನೋಡಬೇಕು. ಚಿಕ್ಕವರು ಆಕಾರ ಬರೆಯಲಿ. ಸ್ವಲ್ಪ ದೊಡ್ಡವರು ಕೈ ಚಾಚಿ, ಮುಷ್ಟಿಯಿಂದ ಅಳೆಯಲಿ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಚಂದ್ರ ದಿನಕ್ಕೆ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ ಪೂರ್ವಕ್ಕೆ ಸರಿದಿರುತ್ತಾನೆ. ಹುಣ್ಣಿಮೆಯ ನಂತರ ಇನ್ನೂ ದೊಡ್ಡವರು ಚಂದ್ರ ಹುಟ್ಟುವ ಹೊತ್ತು ಬರೆದಿಟ್ಟು ಗ್ರಾಫ್ ಮಾಡಲಿ. ದಿನಕ್ಕೆ ಸರಾಸರಿ 50 ನಿಮಿಷ ತಡವಾಗುವುದು ಗೊತ್ತಾಗುತ್ತದೆ. ಬೇರೆ ದೇಶದಲ್ಲಿ ಪರಿಚಯದವರಿದ್ದರೆ ಅವರ ಚಿತ್ರವನ್ನೂ ತರಿಸಿ. ಭೂಮಧ್ಯರೇಖೆಯಿಂದ ದೂರ ಉತ್ತರದಲ್ಲಿರುವವರಿಗೆ ಸಂಜೆಯ ಎಳೆ ಚಂದ್ರನ ಬೆಳಕು ಬಲಬದಿಗೆ ಕಾಣುತ್ತದೆ, ದೂರ ದಕ್ಷಿಣದಲ್ಲಿರುವವರಿಗೆ ಎಡಬದಿಗೆ. ರೇಖೆಯ ಹತ್ತಿರ ಅದು ದೋಣಿಯಂತೆ ಮಲಗಿರುತ್ತದೆ. ಮೂರೂ ಚಿತ್ರ ಒಂದೇ ಪುಟದಲ್ಲಿ ಬಂದರೆ ಮಕ್ಕಳು ಕೇಳುವ ಪ್ರಶ್ನೆಗಳೇ ಮುಂದಿನ ಪಾಠ.

ನನಗೆ ಎಲ್ಲಕ್ಕಿಂತ ಇಷ್ಟವಾದ ಚಟುವಟಿಕೆ ನೆರಳಿನದ್ದು. ಸಮತಟ್ಟಾದ ಜಾಗದಲ್ಲಿ 1 ಮೀಟರ್ ಕೋಲು ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯಾ ನೋಡಿ. ಮಧ್ಯಾಹ್ನದ ಆಚೀಚೆ ಒಂದು ಗಂಟೆ, 10 ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ. ಸೂರ್ಯನನ್ನು ನೇರವಾಗಿ ನೋಡಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿ. ನೆರಳು ಎಲ್ಲಕ್ಕಿಂತ ಚಿಕ್ಕದಾಗುವುದು ಸರಿಯಾಗಿ 12ಕ್ಕೇ ಅಲ್ಲದಿರಬಹುದು. ಗಡಿಯಾರದ ಸಮಯ ಇಡೀ ಪ್ರದೇಶಕ್ಕೆ ಒಂದೇ, ಸೂರ್ಯ ನೆತ್ತಿಗೆ ಬರುವ ಹೊತ್ತು ಊರೂರಿಗೂ ಬೇರೆ. ಆ ಅತಿ ಚಿಕ್ಕ ನೆರಳಿನ ಅಳತೆಯೇ ನಮಗೆ ಬೇಕಾದದ್ದು.

ಈಗ ದೂರದ ಇನ್ನೊಂದು ಗುಂಪಿನವರು ಅದೇ ದಿನ ಅಳೆದ ಅಂಕಿ ತರಿಸಿಕೊಳ್ಳಿ. ಇಲ್ಲಿ 36 ಸೆಂ.ಮೀ., ಅಲ್ಲಿ 58 ಸೆಂ.ಮೀ. ಬಂತು ಎಂದುಕೊಳ್ಳಿ. ಕಾಗದದ ಮೇಲೆ ಕೋಲನ್ನು 10 ಸೆಂ.ಮೀ., ನೆರಳುಗಳನ್ನು 3.6 ಮತ್ತು 5.8 ಸೆಂ.ಮೀ. ಎಂದು ಬರೆದು, ಕೋಲಿನ ತುದಿಯ ಕೋನ ಅಳೆಯಿರಿ. ಹೆಚ್ಚುಕಡಿಮೆ 20 ಮತ್ತು 30 ಡಿಗ್ರಿ ಬರುತ್ತದೆ, ವ್ಯತ್ಯಾಸ 10. ಭೂಮಿ ಗುಂಡಗಿರುವುದರಿಂದಲೇ ಈ ವ್ಯತ್ಯಾಸ, ಅಂದರೆ ಎರಡು ಊರಿನ ನಡುವೆ ಇರುವುದು ಭೂಮಿಯ ಸುತ್ತಿನ 10 ಡಿಗ್ರಿಯಷ್ಟು ಭಾಗ. ಎರಡೂ ಊರಿನ ನಡುವೆ ಉತ್ತರ ದಕ್ಷಿಣವಾಗಿ 1,110 ಕಿ.ಮೀ. ಇದ್ದರೆ, ಪೂರ್ತಿ 360 ಡಿಗ್ರಿಗೆ 36 ಪಟ್ಟು, ಅಂದರೆ 39,960 ಕಿ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ.! ಕ್ರಿ.ಪೂ. 3ನೇ ಶತಮಾನದಲ್ಲಿ ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಈಜಿಪ್ಟಿನಲ್ಲಿ ಮಾಡಿದ ಲೆಕ್ಕವೂ ಇದೇ. ಅವನಿಗೆ ಸಿಕ್ಕ ಕೋನದ ವ್ಯತ್ಯಾಸ ವೃತ್ತದ 50ನೇ ಒಂದು ಭಾಗ. ಒಂದು ಕಡೆ ನೆರಳು ಉತ್ತರಕ್ಕೆ, ಇನ್ನೊಂದು ಕಡೆ ದಕ್ಷಿಣಕ್ಕೆ ಬಿದ್ದರೆ ಕೋನಗಳನ್ನು ಕಳೆಯಬೇಡಿ, ಕೂಡಿಸಿ. 20 ಕಿ.ಮೀ. ಒಳಗಿನ ಮನೆಗಳ ನಡುವೆ ಈ ವ್ಯತ್ಯಾಸ ಕೋಲಿಗೆ ಸಿಗುವುದಿಲ್ಲ. ಉತ್ತರಕ್ಕೋ ದಕ್ಷಿಣಕ್ಕೋ ಕೊನೇಪಕ್ಷ 500 ಕಿ.ಮೀ. ದೂರದ ಗೆಳೆಯರನ್ನು ಹುಡುಕಿ.

ಉಳಿದ ತಿಂಗಳಿಗೆ ಕ್ಯಾಲೆಂಡರೇ ವಿಷಯ ಕೊಡುತ್ತದೆ. ಮಾರ್ಚ್ 14ಕ್ಕೆ (3ನೇ ತಿಂಗಳ 14, ಅಂದರೆ 3.14) ಮನೆಯ ಗುಂಡಗಿನ ವಸ್ತುಗಳ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿ ‘ಪೈ’ ಹುಡುಕಬಹುದು. ಪ್ರತಿ ವರ್ಷ ಉಲ್ಕೆಗಳು ಜಾಸ್ತಿ ಕಾಣುವ ಆಗಸ್ಟ್ 12, 13ರ ಆಸುಪಾಸಿನ ರಾತ್ರಿ ಅವುಗಳನ್ನು ಎಣಿಸಬಹುದು.

ಫಲಿತಾಂಶದ ಪುಟ

ಎಲ್ಲ ಮನೆಯ ಅಂಕಿಯನ್ನೂ ಹಾಕಿ. ಎಲ್ಲರಿಗೂ 36 ಬಂದು ಒಬ್ಬರಿಗೆ 44 ಬಂದಿದ್ದರೆ ಅದನ್ನು ಬಿಡಬೇಡಿ, ತಿದ್ದಲೂ ಬೇಡಿ. ಕೋಲು ವಾಲಿತ್ತಾ, ನೆಲ ಇಳಿಜಾರಿತ್ತಾ ಎಂದು ಆ ಮಗುವನ್ನೇ ಕೇಳಿ, ಅದರ ಉತ್ತರವನ್ನೂ ಅಚ್ಚು ಹಾಕಿ. ಮೋಡ ಮುಚ್ಚಿ ಅಳತೆ ಆಗಲಿಲ್ಲ ಎನ್ನುವುದೂ ಒಂದು ವರದಿಯೇ.

ಮಕ್ಕಳ ಸುರಕ್ಷತೆ ಮರೆಯಬೇಡಿ. ಮೊದಲ ಹೆಸರು, ವಯಸ್ಸು ಸಾಕು. ಮನೆ ವಿಳಾಸ, ಫೋನ್ ನಂಬರ್ ಬೇಡ. ಫೋಟೊ ಹಾಕುವ ಮುನ್ನ ಹೆತ್ತವರನ್ನೂ ಮಗುವನ್ನೂ ಕೇಳಿ. ಪಿಡಿಎಫ್ ಕಳಿಸುವುದಾದರೆ ಅದು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದುಕೊಂಡೇ ಪುಟ ಜೋಡಿಸಿ.

ಪ್ರತಿ ಸಂಚಿಕೆಯ ಒಂದು ಪ್ರತಿ ಎತ್ತಿಡಿ. ಮಗು ಏನು ಕಲಿಯಿತು ಎಂದು ಅಧಿಕಾರಿಗಳಿಗೆ ದಾಖಲೆ ತೋರಿಸಬೇಕಾದ ಕಡೆ ಇದು ಉಪಯೋಗಕ್ಕೆ ಬರುತ್ತದೆ. ತಿಂಗಳ ಕೊನೆಗೆ ಮುಂದಿನ ಸಂಪಾದಕರಿಗೆ ಒಂದು ಫೋಲ್ಡರ್ ದಾಟಿಸಿ: ನಂಬರ್ ಹಾಕಿದ ಮಡಿಕೆಯ ಮಾದರಿ, ಮನೆಗಳ ಪಟ್ಟಿ, ಉಳಿದ ಬರಹ, ಬರಬೇಕಾದ ಅಳತೆಗಳು. ಮುಂದಿನ ಪ್ರಶ್ನೆಯನ್ನು ಮಾತ್ರ ಅವರ ಮನೆಯ ಮಕ್ಕಳೇ ಆರಿಸಲಿ.